ಪೈಪ್‌ಲೈನ್ ತಾರಾನಾಥರು

ಮುಂಬಯಿ ಪಕ್ಕದ ಡೊಂಬಿವಲಿಯ ಹೌಸಿಂಗ್ ಸೊಸೈಟಿಗೆ ಬಹುಕಾಲದಿಂದ ಸೆಕ್ರೆಟರಿಯಾದ ತಾರಾನಾಥರಿಗೆ ಲೋಕದ ಸಂಕಟವೆಲ್ಲ ನೀರಿನ ಪೈಪಿನ ಮೂಲಕವೇ ಅರ್ಥವಾಗಬೇಕು. ಹೆಂಡತಿ ಜಲಜಾಕ್ಷಿಯ ಎದೆಯ ಕ್ಯಾನ್ಸರೂ ಹಾಗೆಯೇ. ನೋಡಲು ಬಂದ ಬಂಧುಗಳು ಉಪ್ಪಿಟ್ಟು ಮುಗಿಸಿ "ಯಾವ ಜನ್ಮದ ಕರ್ಮವೋ" ಎಂದರೆ ಸಾಕು, ಇವರು ಶುರು: "ಕರ್ಮ ಎಂತ ಮಾರಾಯ್ರೆ! ಗಡ್ಡೆ ಅಂದ್ರೆ ನಮ್ಮದೇ ಸೊಸೈಟಿಯ ಪುಂಡ ಮೆಂಬರು. ಮೊದಲು ಗೋಡೆ ಒಡೆದು ಪಕ್ಕದ ರೂಮಿಗೆ ನುಗ್ತದೆ. ಆಮೇಲೆ ರಕ್ತನಾಳಗಳಿಗೆ ಹೇಳಿಕಳಿಸಿ ತನ್ನ ಕಡೆಗೇ ಹೊಸ ಲೈನು ಎಳೆಸಿಕೊಳ್ತದೆ. ಮೂರನೇ ಮಾಳಿಗೆಯವರು ಕಳ್ಳ ಮೋಟರ್ ಇಟ್ಟು ನೀರು ಎಳೀತಾರಲ್ಲ, ಹಾಗೇ! ಆ ಲೈನು ತಡೆಯುವ ಮದ್ದು ಬಂದುಂಟು." ಹಾಲಿನವನಿಗೂ ಇದೇ ಪ್ರವಚನ, ಲಿಫ್ಟಿನಲ್ಲಿ ಸಿಕ್ಕಿಬಿದ್ದವರಿಗೂ ಇದೇ. "ಕಟ್ಟಡ ನನ್ನದು, ಮೀಟಿಂಗು ನಿಮ್ಮದು" ಎಂದು ಜಲಜಾಕ್ಷಿ ನಗುತ್ತಾರೆ. ಒಂದು ಸಂಜೆ ಬಂದವರೆಲ್ಲ ಹೋದ ಮೇಲೆ ಆಕೆ ಕೇಳಿದರು: "ಅಲ್ಲ ಇವ್ರೇ, ಆ ಹೊಸ ಲೈನಿನಲ್ಲಿ ರಕ್ತ ಒಳಗೆ ಬರುದು ಮಾತ್ರವಾ? ಗಡ್ಡೆಯ ಚೂರು ಹೊರಗೂ ಹೋಗ್ತದಾ?" ಯಾರಿಗೂ ಉತ್ತರ ಬಾಕಿ ಇಡದ ಸೆಕ್ರೆಟರಿ ಚಹಾ ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದರು. ತೊಳೆದ ಲೋಟಗಳನ್ನೇ ಮತ್ತೆ ಮತ್ತೆ ತೊಳೆಯುವ ಸದ್ದು ಬಹಳ ಹೊತ್ತು ಕೇಳಿಸಿತು. ಕೊನೆಗೆ ಜಲಜಾಕ್ಷಿಯೇ ಕೂಗಿದರು: "ಸಾಕು ಬನ್ನಿ, ಟಾಂಕಿ ಖಾಲಿಯಾಗ್ತದೆ. ನನಗೆ ಗೊತ್ತಾಯ್ತು."