ಅಮ್ಮನ ಕೋಡುಬಳೆ, ನಮ್ಮ ಪೆಪ್ಟೈಡ್

ನನ್ನ ಗೆಳತಿ ತುಮಕೂರಿನವಳು. ಒಂದೇ ಪ್ರಯೋಗಾಲಯದಲ್ಲಿ ನಮ್ಮಿಬ್ಬರದು ಅಕ್ಕಪಕ್ಕದ ಮೇಜು. ಲಗ್ಗೆರೆಯ ಬಾಡಿಗೆ ಕೋಣೆಯಿಂದ ಭಾನುವಾರ ಬಸವೇಶ್ವರನಗರದ ನಮ್ಮ ಮನೆಗೆ ಬಂದರೆ ನೇರ ಅಡುಗೆಮನೆಗೇ ನುಗ್ಗುವಳು. ಅವರಮ್ಮ ಕುರುಕಲು ತಿಂಡಿಯನ್ನೆಲ್ಲ ಅಂಗಡಿಯಿಂದಲೇ ತರುತ್ತಿದ್ದರಂತೆ. ಹಾಗಾಗಿ ನಮ್ಮಮ್ಮ ಅವಳಿಗೆ ಒಂದೊಂದೇ ಕಲಿಸುತ್ತಿದ್ದಳು. ನನಗಿಂತ ಅವಳೇ ನಿನ್ನ ಮಗಳು ಎಂದು ಅಮ್ಮನನ್ನು ರೇಗಿಸುತ್ತಿದ್ದೆ.

ನಾವು ಮಾಡುತ್ತಿದ್ದುದು ವೈರಸ್ ತಡೆಯುವ ಪೆಪ್ಟೈಡ್. ಕೆಲವೇ ಅಮೈನೋ ಆಮ್ಲಗಳ ಪುಟ್ಟ ಸರಪಳಿ. ವೈರಸ್ ಜೀವಕೋಶಕ್ಕೆ ಅಂಟಿಕೊಳ್ಳುವ ಜಾಗದಲ್ಲಿ ಅದು ಮೊದಲೇ ಹೋಗಿ ಕೂತುಬಿಡಬೇಕು. ಕೂರುವುದೇನೋ ಚೆನ್ನಾಗಿಯೇ ಕೂರುತ್ತಿತ್ತು. ಆದರೆ ರಕ್ತದ ಸೀರಮ್ಮಿಗೆ ಹಾಕಿದರೆ ಕಿಣ್ವಗಳು ತುದಿಯಿಂದ ಶುರುಮಾಡಿ ನುಂಗಿ ನೀರು ಕುಡಿಯುತ್ತಿದ್ದವು.

ಒಂದು ಭಾನುವಾರ ಅಮ್ಮ ಕೋಡುಬಳೆ ಹೊಸೆಯುತ್ತಿದ್ದಳು. ಹಿಟ್ಟಿನ ಎಳೆಯನ್ನು ಬಾಗಿಸಿ ಎರಡೂ ತುದಿಗಳನ್ನು ಒತ್ತಿ ಸೇರಿಸುವುದನ್ನು ನೋಡುತ್ತಿದ್ದಾಗ ನನಗೆ ಹೊಳೆಯಿತು. ನಮ್ಮ ಸರಪಳಿಯನ್ನೂ ಹೀಗೇ ಬಳೆ ಮಾಡಿದರೆ ಕಿಣ್ವಕ್ಕೆ ಬಾಯಿ ಹಾಕಲು ತುದಿಯೇ ಸಿಗುವುದಿಲ್ಲ. ಇದು ಲೋಕಕ್ಕೇನೂ ಹೊಸದಲ್ಲ, ಆದರೆ ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ. ಗೆಳತಿಗೆ ಅಲ್ಲೇ ಹೇಳಿದೆ. ಅವಳು ಹಿಟ್ಟಿನ ಕೈಯಲ್ಲೇ ನನ್ನ ಕೆನ್ನೆ ಹಿಂಡಿದಳು. ಇಬ್ಬರೂ ಸೇರಿ ಮಾಡೋಣ ಎಂದಳು.

ಅಷ್ಟರಲ್ಲಿ ನನಗೆ ಡೆಂಗಿ ಬಂದು ಹಾಸಿಗೆ ಹಿಡಿದೆ. ಗೆಳತಿ ಎಳನೀರು ತಂದುಕೊಟ್ಟು, ನೀನು ಬರುವವರೆಗೆ ಏನೂ ಶುರುಮಾಡುವುದಿಲ್ಲ ಎಂದಳು. ನಂಬಿದೆ. ನಾನು ಮರಳುವ ಹೊತ್ತಿಗೆ ಪ್ರಯೋಗ ಮುಗಿದೇ ಹೋಗಿತ್ತು. ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ತಾನೊಬ್ಬಳೇ ಮಾತಾಡಬೇಕಂತೆ, ನನ್ನ ಹೆಸರು ಖಂಡಿತ ಹೇಳುತ್ತಾಳಂತೆ. ಅದನ್ನೂ ನಂಬಿದೆ. ನನ್ನಂಥ ಪೆದ್ದಿ ಇನ್ನೊಬ್ಬಳಿರಲಿಲ್ಲ.

ನಿನ್ನ ಕೋಡುಬಳೆ ಕಥೆ ಬರುತ್ತದೆ ಎಂದು ಅಮ್ಮನನ್ನೂ ಕರೆದುಕೊಂಡು ಹೋದೆ. ಅಮ್ಮ ರೇಷ್ಮೆ ಸೀರೆ ಉಟ್ಟಿದ್ದಳು. ಗೆಳತಿಗೆಂದು ಒಂದು ಡಬ್ಬಿ ಕೋಡುಬಳೆಯನ್ನೂ ತಂದಿದ್ದಳು.

ಬಳೆಯಾದ ಪೆಪ್ಟೈಡ್ ಸೀರಮ್ಮಿನಲ್ಲಿ ಉಳಿದಿತ್ತು. ಸಹೋದ್ಯೋಗಿಗಳ ಮನೆಮಂದಿಯೂ ಕೂತಿದ್ದರಿಂದ ಗೆಳತಿ ಕೊನೆಯಲ್ಲಿ ಕನ್ನಡಕ್ಕೆ ತಿರುಗಿ ನಗುತ್ತ ಹೇಳಿದಳು: "ತುಮಕೂರಲ್ಲಿ ನಮ್ಮಮ್ಮ ಕೋಡುಬಳೆ ಮಾಡ್ತಾ ಇದ್ರು. ಅದನ್ನ ನೋಡಿ ನನಗೆ ಹೊಳೀತು."

ಸಭೆಯೆಲ್ಲ ಚಪ್ಪಾಳೆ. ನನ್ನ ಹೆಸರು ಎಲ್ಲೂ ಬರಲಿಲ್ಲ. ಉಪಾಯ ಕದ್ದದ್ದು ಸಾಲದೆಂದು ಎದುರಿಗೇ ಕೂತಿದ್ದ ನನ್ನ ಅಮ್ಮನನ್ನೂ ಅಳಿಸಿಹಾಕಿದ್ದಳು.

ಹೊರಗೆ ತಡೆದು ಕೇಳಿದೆ.

"ಹೇಳಿದ್ದು ನೀನಿರಬಹುದು ಕಣೇ, ಮಾಡಿದ್ದು ನಾನು," ಎಂದಳು. ಅಮ್ಮನ ವಿಷಯ ಎತ್ತಿದ್ದಕ್ಕೆ ಫೋನ್ ನೋಡುತ್ತ ನಿಂತಳು.

ವಿಜಯನಗರದಲ್ಲಿ ಮೆಟ್ರೋ ಇಳಿದು ಆಟೋ ಹತ್ತಿದೆವು. ಡಬ್ಬಿ ಅಮ್ಮನ ಮಡಿಲಲ್ಲೇ ಇತ್ತು.

"ಅವರಮ್ಮಂಗೆ ಕೋಡುಬಳೆ ಮಾಡೋಕೆ ಬರಲ್ಲ ಕಣೇ," ಎಂದಳು. "ಅದಕ್ಕೇ ತಾನೆ ನಾನು ಹೇಳ್ಕೊಟ್ಟಿದ್ದು."