ನಿಬ್ಬಣಕ್ಕೆ ಚುಚ್ಚಿದ ಸೂಜಿ

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ತಿಕೋಟಾದಲ್ಲಿ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರನಾಗಿದ್ದೆ. ಬಬಲೇಶ್ವರದ ಹುಡುಗಿಯೊಂದಿಗೆ ಮದುವೆ ನಿಶ್ಚಯವಾಗಿತ್ತು. ಇನ್ನೇನು ಎಂಟು ದಿನ ಉಳಿದಿದೆ ಅನ್ನುವಾಗ ನಮ್ಮ ಭಾಗದಲ್ಲಿ ಕಾಲರಾ ಕಾಣಿಸಿಕೊಂಡಿತು. ವಿಜಾಪುರದಿಂದ ಆದೇಶ ಬಂತು: ಸೂಜಿ ಹಾಕಿಸಿಕೊಂಡ ಚೀಟಿ ಇಲ್ಲದವರು ತಿಕೋಟಾದಿಂದ ಬಸ್ಸು ಹತ್ತುವಂತಿಲ್ಲ. ಆ ಚೀಟಿಗೆ ಸಹಿ ಮಾಡುವವನು ನಾನು. ನನ್ನ ಮದುವೆಯ ನಿಬ್ಬಣ ಹೊರಡಬೇಕಾದದ್ದೂ ತಿಕೋಟಾದಿಂದಲೇ.

ಮೊದಲ ದಿನದಿಂದಲೇ ಮನೆಯವರಿಗೆಲ್ಲ ಹೇಳುತ್ತ ಬಂದೆ. ‘ನಾಳಿ ಹಾಕಿಸ್ಕೊಂಡ್ರಾತು’ ಎಂದು ಎಲ್ಲರೂ ಮುಂದೂಡಿದರು. ಆ ಸೂಜಿ ಹಾಕಿಸಿಕೊಂಡರೆ ತೋಳು ಬಾತು, ಒಂದೆರಡು ದಿನ ಜ್ವರ ಬರುತ್ತದೆ ಎಂಬುದು ಊರಿಗೇ ಗೊತ್ತಿತ್ತು. ಹೊರಡುವ ದಿನ ಬೆಳಿಗ್ಗೆ ನೋಡಿದರೆ ನಿಬ್ಬಣದ ಅರವತ್ತು ಜನರಲ್ಲಿ ಒಬ್ಬರ ಬಳಿಯೂ ಚೀಟಿ ಇಲ್ಲ.

ಅಪ್ಪ ನನ್ನನ್ನು ಒಳಗೆ ಕರೆದು ದನಿ ತಗ್ಗಿಸಿದರು. “ಬರೇ ಸಹಿ ಮಾಡಿ ಕೊಟ್ಟುಬಿಡು. ಯಾರ ಅಂಗಿ ಬಿಚ್ಚಿ ತೋಳು ನೋಡ್ತಾರ? ಮದವಿ ದಿನಾ ಮಂದಿಗೆ ಜ್ವರ ಬರಿಸ್ತಿ ಏನ್?”

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಹಿಂದಿನ ವಾರವಷ್ಟೇ ಒಂದೇ ಓಣಿಯಿಂದ ಮೂವರನ್ನು ಚಕ್ಕಡಿಯಲ್ಲಿ ದವಾಖಾನೆಗೆ ಸಾಗಿಸಿದ್ದೆ. ಅವರಲ್ಲೊಬ್ಬಳು ದಾರಿಯಲ್ಲೇ ತೀರಿಕೊಂಡಿದ್ದಳು. ಸುಗ್ಗಿಯ ರಾಶಿ ಕೆಲಸದಲ್ಲಿದ್ದ ಆಳುಗಳಿಗೆ, ಅವರು ಬೇಡವೆಂದು ಗೋಗರೆದರೂ ಬಿಡದೆ ಸೂಜಿ ಹಾಕಿಸಿದ್ದೆ. ಅವರು ಎರಡು ದಿನ ಕೈ ಎತ್ತಲಾಗದೆ ನನ್ನನ್ನು ಶಪಿಸಿದ್ದರು. ಈಗ ನನ್ನವರನ್ನು ಹಾಗೇ ಬಿಟ್ಟರೆ ಅವರ ಮುಂದೆ ಯಾವ ಮುಖ ಹೊತ್ತು ಓಡಾಡಲಿ? “ಆಗೂದಿಲ್ಲ ಯಪ್ಪಾ” ಎಂದೆ.

ಅಂಗಳದಲ್ಲಿ ಸೋದರತ್ತೆ ಸೆರಗು ಬಿಗಿದು ನಿಂತಿದ್ದಳು. ನಮ್ಮ ಮನೆತನದಲ್ಲಿ ಅವಳ ಮಾತಿಗೆ ಎದುರಾಡುವವರಿರಲಿಲ್ಲ.

“ಲೇ ತಮ್ಮಾ, ನಿನ್ನ ಚೀಟಿ ತೋರ್ಸು.”

ನನ್ನ ಚೀಟಿ ಇರಲಿಲ್ಲ. ಊರಿಗೆಲ್ಲ ಹಾಕಿಸಿದ ನಾನು, ಮದುವೆ ಮುಗಿಯಲಿ ಎಂದು ನನ್ನದನ್ನು ಗುಟ್ಟಾಗಿ ಮುಂದೂಡಿದ್ದೆ. ಅತ್ತೆ ಎಲ್ಲರ ಕಡೆ ತಿರುಗಿ, “ನೋಡ್ರಿ ನಮ್ಮ ಸಾಹೇಬ್ರನ್ನ!” ಎಂದಳು. ಅಂಗಳವೆಲ್ಲ ನಕ್ಕಿತು. ನಾನು ಅಂಗಿಯ ತೋಳು ಮಡಚಿ, ದವಾಖಾನೆಯಿಂದ ಕರೆಸಿದ್ದ ಕಂಪೌಂಡರನ ಮುಂದೆ ಕುಳಿತೆ.

ನನ್ನ ಹಿಂದೆ ಸಾಲು ಹತ್ತಿತು. ಹೆಂಗಸರು ಮಕ್ಕಳನ್ನು ಎಡಸೊಂಟದ ಮೇಲೆ ಹೊರುವುದರಿಂದ ಬಲತೋಳು ಒಡ್ಡಿದರು. ಅವರನ್ನು ನೋಡಿ ಗಂಡಸರೂ ಬಲತೋಳನ್ನೇ ಒಡ್ಡಿದರು. ಬಾಜಾದವರು ಮಾತ್ರ ತಕರಾರು ತೆಗೆದರು. “ನಾವು ಎರಡೂ ಕೈಲೆ ಬಾರಿಸಾವ್ರು ಸಾಹೇಬ್ರ, ಯಾವ ಕೈ ಕೊಡೂಣು?” ಕಂಪೌಂಡರನೇ ಒಂದೊಂದು ಕೈ ಆರಿಸಿಕೊಂಡು ಚುಚ್ಚಿದ.

ತೊರವಿಯ ಹತ್ತಿರ ಪೇದೆಯೊಬ್ಬ ಬಸ್ಸು ನಿಲ್ಲಿಸಿದ. ನಾನು ಅರವತ್ತು ಚೀಟಿಗಳ ಕಟ್ಟು ಹಿಡಿದು ಎದ್ದುನಿಂತೆ. ಆತ ನನ್ನ ಮುಖದ ಅರಿಶಿನ ನೋಡಿ, “ಮದವಿ ಬಸ್ಸೇನ್ರಿ? ಹೋಗ್ರಿ, ಹೋಗ್ರಿ” ಎಂದು ಕೈಬೀಸಿದ. ಅಪ್ಪ ನನ್ನ ಕೈಯಲ್ಲಿದ್ದ ಕಟ್ಟನ್ನೊಮ್ಮೆ ನೋಡಿ, ತೋಳು ಸವರಿಕೊಳ್ಳುತ್ತ ಕಿಟಕಿಯ ಕಡೆ ತಿರುಗಿ ಕುಳಿತರು.

ಬಬಲೇಶ್ವರದಲ್ಲಿ ಇಳಿದವನೇ ಬೀಗರ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಲು ಹೊರಟೆ. ಮಾವನವರು ಕೈಮುಗಿದರು. “ಅಳಿಯದೇವ್ರ, ನಾಳಿ ಅಡಗಿ ಎಲ್ಲಾ ನಾರತೈತ್ರಿ.” ಅವರ ಮಾತೂ ನಿಜವೇ. ಆದರೂ ಹಾಕಿದೆ. ಮರುದಿನ ಗೋಧಿ ಹುಗ್ಗಿಯಲ್ಲಿ ಏಲಕ್ಕಿಗಿಂತ ಪೌಡರಿನ ವಾಸನೆಯೇ ಮುಂದಿತ್ತು.

ಬಬಲೇಶ್ವರ ಮುಟ್ಟಿದ ರಾತ್ರಿಯೇ ನಮ್ಮವರಿಗೆಲ್ಲ ಜ್ವರ ಬಂದಿತ್ತು. ಮರುದಿನ ಮುಹೂರ್ತದ ಹೊತ್ತಿಗೆ ಹುಡುಗಿಯ ಕಡೆಯವರು ಅಕ್ಕಿಕಾಳನ್ನು ಎತ್ತರಕ್ಕೆ ತೂರಿದರು. ನಮ್ಮವರ ಬಲಗೈ ಸೊಂಟದಿಂದ ಮೇಲೆ ಏಳಲಿಲ್ಲ. ಅವರು ಕೋಳಿಗೆ ಕಾಳು ಹಾಕಿದಂತೆ ಚೆಲ್ಲಿದ ಅಕ್ಕಿ ಮುಂದಿನ ಸಾಲಿನವರ ಬೆನ್ನ ಮೇಲೆ ಬಿತ್ತು. ಬಾಜಾ ಒಂದೇ ಕೈಯಲ್ಲಿ ಕುಂಟುತ್ತಿತ್ತು. ಬೀಗಿತ್ತಿಯೊಬ್ಬರು ನೇರವಾಗಿ ಕೇಳಿಯೇಬಿಟ್ಟರು: “ನಿಮ್ಮ ಮಂದಿಗೆ ಈ ಮದವಿ ಮನಸಿಲ್ಲೇನ್ರಿ?”

ತಾಳಿ ಕಟ್ಟುವಾಗ ನನ್ನ ಕೈ ನಡುಗಿತು. ಹುಡುಗಿ ತಲೆ ತಗ್ಗಿಸಿಕೊಂಡೇ ಪಿಸುಗುಟ್ಟಿದಳು: “ಹೆದರೀರೇನ್ರಿ?”

“ಇಲ್ಲ. ಜ್ವರ ಬಂದೈತಿ.”

“ನನಗ ಹತ್ತೂದಿಲ್ಲಲ್ರಿ?”

ನಾವಿಬ್ಬರೂ ಆಡಿದ ಮೊದಲ ಮಾತು ಇದು.

ಪೌಡರಿನ ವಾಸನೆ ಸೇರದೆ ಹುಡುಗಿಯ ಇಬ್ಬರು ಚಿಕ್ಕಪ್ಪಂದಿರು ಹಳ್ಳದ ನೀರು ಕುಡಿದಿದ್ದರು. ಮೂರನೆಯ ದಿನ ಕಾಲರಾ ಹತ್ತಿ ಇಬ್ಬರನ್ನೂ ವಿಜಾಪುರದ ದವಾಖಾನೆಗೆ ಸೇರಿಸಬೇಕಾಯಿತು. ಸಲಾಯಿನ್ ಹತ್ತಿಸಿ, ವಾರದೊಳಗೆ ಗುಣಪಡಿಸಿ ಕಳಿಸಿದರು. ನಮ್ಮ ಅರವತ್ತು ಜನರಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ. ಸೋದರತ್ತೆ ತಿಕೋಟಾದ ಮನೆಮನೆಗೆ ಹೋಗಿ ಸೂಜಿಯ ಮಹಿಮೆ ಹೇಳತೊಡಗಿದಳು. ನನ್ನ ಎದೆಯೂ ಉಬ್ಬಿತು.

ಕೆಲವು ವರ್ಷಗಳ ನಂತರ ವಿಜಾಪುರದಲ್ಲಿ ನಮಗೊಂದು ತರಬೇತಿ ನಡೆಯಿತು. ಅಲ್ಲಿ ಡಾಕ್ಟರರೊಬ್ಬರು ಹೇಳಿದರು: ಕಾಲರಾ ಸೂಜಿಯಿಂದ ಸಿಗುವ ರಕ್ಷಣೆ ಅಷ್ಟಕ್ಕಷ್ಟೇ, ಅದೂ ಹಾಕಿಸಿಕೊಂಡು ಕೆಲವು ದಿನ ಕಳೆದ ಮೇಲೆ, ಜೀವ ಉಳಿಸುವುದು ಶುದ್ಧ ನೀರು. ನನ್ನ ಮುಖ ಸಣ್ಣದಾಯಿತು. ನಾನು ಚುಚ್ಚಿಸಿದ್ದು ಮದುವೆಯ ಹಿಂದಿನ ದಿನ! ಅಂದರೆ ಜ್ವರವೆಲ್ಲ ಬಿಟ್ಟಿ. ಕೆಲಸ ಮಾಡಿದ್ದು, ಎಲ್ಲರೂ ಮೂಗು ಮುಚ್ಚಿಕೊಂಡು ಬೈದಿದ್ದ ಪೌಡರು.

ಹೆಂಡತಿಗೆ ಹೇಳಿದೆ. ಅವಳು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಸೋದರತ್ತೆಗೆ ಹೇಳಲು ಎರಡು ದಿನ ಧೈರ್ಯ ಸಾಲಲಿಲ್ಲ. ಕೊನೆಗೆ ಹೇಳಿದಾಗ ಅವಳು ಬೈಯಲಿಲ್ಲ. ಎಲೆಗೆ ಸುಣ್ಣ ಸವರಿ ಮಡಚಿದಳು.

“ಇದನ್ನ ಮತ್ಯಾರಿಗೆ ಹೇಳಿದಿ?”

“ನನ್ನ ಹೇಂತಿಗೆ ಅಷ್ಟ.”

“ಅಷ್ಟಕ್ಕ ಬಿಡು. ಇಡೀ ಓಣಿಗೆ ನಾನ ಹೊಡದ ಎಬ್ಬಿಸಿ ಸೂಜಿ ಹಾಕಿಸೇನಿ. ಇದು ಗೊತ್ತಾದ್ರ ಎಲ್ಲಾರೂ ಬಯ್ಯಾಕ ನನ್ನ ಮನಿ ಬಾಗಲಕ್ಕ ಬರ್ತಾರ.”

ಮುಂದಿನ ಸಲ ಕಾಲರಾದ ಸುದ್ದಿ ಬಂದಾಗ ನಾನು ಚೀಟಿ ಬರೆಯುವ ಮೊದಲು ಪೌಡರಿನ ಡಬ್ಬಿ ಹೊತ್ತು ಬಾವಿಗಳ ಕಡೆ ನಡೆದೆ. ಅತ್ತೆ ಕಟ್ಟೆಯ ಮೇಲೆ ನಿಂತು, ವಾಸನೆಯೆಂದು ಗೊಣಗುವವರನ್ನೆಲ್ಲ ಹೆಸರು ಹಿಡಿದು ಬೈಯುತ್ತಿದ್ದಳು.