ಅರಿಶಿನ ಹತ್ತಿದ ಲಕೋಟೆ

ಸಮುದ್ರವನ್ನೇ ಸರಿಯಾಗಿ ನೋಡದ ನನಗೆ ಜಲಾಂತರ್ಗಾಮಿಗಳ ಅಂಚೆ ಲಕೋಟೆ ಕೂಡಿಸುವ ಹುಚ್ಚು ಹೇಗೆ ಹತ್ತಿತೆಂದು ಕೇಳಬೇಡಿ. ಕಲಬುರಗಿಯಲ್ಲಿ ನನಗೆ ಗೊತ್ತಿರುವಂತೆ ಈ ಹುಚ್ಚಿನವರು ಇಬ್ಬರೇ: ಬ್ರಹ್ಮಪುರದ ನಾನು, ಐವಾನ್-ಎ-ಶಾಹಿ ಬಡಾವಣೆಯ ಒಬ್ಬ ನಿವೃತ್ತ ಅಧಿಕಾರಿ. ಆತ ಲಕೋಟೆಯನ್ನು ಚಿಮಟದಲ್ಲಿ ಹಿಡಿದು, ಉಸಿರು ಬಿಗಿಹಿಡಿದು ನೋಡುತ್ತಿದ್ದ. ಎದುರು ಕೂತವನಿಗೆ ಒಂದು ಕಪ್ ಚಹಾ ಕೊಡಬೇಕೆಂಬುದು ಮಾತ್ರ ಆ ಮಹಾಶಯನಿಗೆ ಹೊಳೆಯುತ್ತಿರಲಿಲ್ಲ.

ಹಳೆಯ ಜಲಾಂತರ್ಗಾಮಿಯೊಂದು ಸೇವೆ ಮುಗಿಸುವ ದಿನ ಅಂಚೆಯವರು ವಿಶೇಷ ಮೊಹರು ಹಾಕುತ್ತಾರೆಂದು ತಿಳಿದು, ಲಕೋಟೆಯ ಮೇಲೆ ಕಮಲಾಪುರದ ಅಕ್ಕನ ಮನೆಯ ವಿಳಾಸ ಬರೆದು ಮೊಹರಿಗೆಂದು ಕಳಿಸಿದೆ. ನಮ್ಮ ಮನೆಗೆ ಬರುವ ಕಾಗದಗಳನ್ನೆಲ್ಲ ಮಡಚಿ ಗೇಟಿನ ಸಂದಿಗೆ ತುರುಕುತ್ತಾರೆ. ಅಕ್ಕನ ಊರಿನಲ್ಲಾದರೆ ಕೈಗೇ ಕೊಡುತ್ತಾರೆ. ಆ ಲಕೋಟೆಯೊಂದು ಬಂದರೆ ನನ್ನ ಸಂಗ್ರಹದ ಸಾಲು ಪೂರ್ತಿ. ಅಂಚೆಚೀಟಿ ಪ್ರದರ್ಶನದಲ್ಲಿ ಅದನ್ನಿಟ್ಟು ಆ ಅಧಿಕಾರಿಯ ಮೋರೆ ನೋಡಬೇಕೆಂಬುದೇ ನನ್ನ ಜನ್ಮದ ಆಸೆಯಾಗಿತ್ತು.

ಲಕೋಟೆ ಬಂತೆಂದು ಅಕ್ಕ ಫೋನ್ ಮಾಡಿದ ದಿನವೇ ಬಸ್ಸು ಹತ್ತಿದೆ. ಹೋಗಿ ನೋಡಿದರೆ ಲಕೋಟೆ ದೇವರ ಮುಂದಿತ್ತು. ಲಗ್ನಪತ್ರಿಕೆಗೆ ಹಚ್ಚುವಂತೆ ನಾಲ್ಕೂ ಮೂಲೆಗೆ ಅರಿಶಿನ, ಮೊಹರಿನ ಮೇಲೆಯೇ ಕುಂಕುಮ! ನನಗೆ ಮೈಯೆಲ್ಲ ಉರಿದುಹೋಯಿತು.

"ಅಕ್ಕಾ, ಏನ್ ಮಾಡಿಟ್ಟಿ ಇದು? ಎಲ್ಲಾ ಹಾಳ ಮಾಡಿದಿ!"

"ನೀರಾಗ ಮುಳುಗಿ ಹೋಗೋ ಹಡಗ ಅಂತ ನೀನೇ ಹೇಳಿದ್ದಿ. ಒಳಗ ಮಂದಿ ಇರ್ತಾರಲ್ಲೋ? ಅವರು ಸುಖರೂಪ ಹೊರಗ ಬರಬ್ಯಾಡೇನು?"

"ಅದು ರಿಟೈರ್ ಆಗ್ಯಾದ. ಒಳಗ ಈಗ ಯಾರೂ ಇಲ್ಲ."

"ಹಂಗಾದ್ರ ಎಲ್ಲಾರೂ ಬಂದಾರ. ಛಲೋ ಆತು. ಎಷ್ಟ್ ಮಂದಿ ಇದ್ರು?"

ನನಗೆ ಗೊತ್ತಿರಲಿಲ್ಲ. ಅದರ ಉದ್ದ ಗೊತ್ತಿತ್ತು, ತೂಕ ಗೊತ್ತಿತ್ತು, ಯಾವ ಮೊಹರಿನಲ್ಲಿ ಯಾವ ಅಕ್ಷರ ಮಸುಕಾಗಿದೆಯೆಂದು ಗೊತ್ತಿತ್ತು. ಇಷ್ಟು ವರ್ಷ ಒಳಗಿನವರ ಬಗ್ಗೆ ಒಮ್ಮೆಯೂ ಯೋಚಿಸಿರಲಿಲ್ಲ. ನಾಚಿಕೆಯಾಯಿತು, ಅದಕ್ಕೇ ಅಕ್ಕನ ಮೇಲೆ ಇನ್ನಷ್ಟು ಸಿಟ್ಟು ಬಂತು. ಆಕೆ ಕೊಟ್ಟ ಬಾಳೆಹಣ್ಣನ್ನೂ ತಿನ್ನದೆ ಲಕೋಟೆ ಎತ್ತಿಕೊಂಡು ಹೊರಟೆ.

ಮರುದಿನ ಅದನ್ನು ಹಿಡಿದುಕೊಂಡು ಐವಾನ್-ಎ-ಶಾಹಿಗೆ, ಆ ಅಧಿಕಾರಿಯ ಮನೆಗೆ ಹೋದೆ. ಆತ ಲಕೋಟೆಯನ್ನು ಚಿಮಟದಲ್ಲೂ ಮುಟ್ಟಲಿಲ್ಲ.

"ಪೂರಾ ಖರಾಬ್ ಆಗ್ಯಾದಲ್ರೀ! ಪ್ರದರ್ಶನಕ್ಕ ಇಡಬ್ಯಾಡ್ರಿ ಇದನ್ನ."

"ಆ ಸಬ್‌ಮರೀನಿನಾಗ ಎಷ್ಟ್ ಮಂದಿ ಇದ್ರು, ನಿಮಗ ಗೊತ್ತದೇನ್ರಿ?" ಎಂದು ಕೇಳಿದೆ.

ಆತ ಮೂಗು ಮುರಿದ. "ಅದನ್ನ ಕಟಗೊಂಡು ನಮಗೇನ್ರಿ?"

ನೋಡಬೇಕೆಂದು ಅಷ್ಟು ಹಂಬಲಿಸಿದ್ದ ಆ ಮೋರೆಯನ್ನು ಅಂತೂ ಸರಿಯಾಗಿ ನೋಡಿದೆ. ಥೇಟ್ ನನ್ನದೇ.